ತುಂಗಭದ್ರೆಯ ತವರಿಗೆ ಹೋಗಿ ಬಂದೆವು

ಬಳ್ಳಾರಿ ಎಂದೊಡನೆ ಹೊರಗಿನವರ ಕಣ್ಣಿಗೆ ಬರುವುದು ಬಿಸಿಲು, ಬಂಡೆಗುಡ್ಡ ಮತ್ತು ಕೆಂಧೂಳು. ಆದರೆ ಸಿರುಗುಪ್ಪದ ಹಾದಿ ಹಿಡಿದರೆ ಕಣ್ಣು ಹರಿಯುವಷ್ಟು ದೂರ ಭತ್ತದ ಗದ್ದೆಗಳು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ದರ್ಶನ ಮುಗಿಸಿ ಊರ ಹೊರಗೆ ಬಂದರೆ ಅಲ್ಲಿಯೂ ಕಾಲುವೆಯ ಕೃಪೆಯಿಂದ ಹಸುರು. ವರ್ಷಕ್ಕೆ ಅರ್ಧ ಮೀಟರಿನ ಆಸುಪಾಸು ಮಳೆ ಕಾಣುವ ಈ ಸೀಮೆಗೆ ಇಷ್ಟು ನೀರು ಎಲ್ಲಿಂದ ಬಂತು? ತುಂಗಭದ್ರಾ ಅಣೆಕಟ್ಟಿನಿಂದ ಎಂದು ಶಾಲೆಯ ಮಗುವೂ ಹೇಳೀತು. ಅಣೆಕಟ್ಟಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾದಾಗ ಈ ಪ್ರಶ್ನೆ ನಮ್ಮ ಮನೆ ಮನೆಯನ್ನೂ ತಟ್ಟಿತು. ತುಂಬಿ ನಿಂತಿದ್ದ ಜಲಾಶಯದಿಂದ 30 ಟಿ.ಎಂ.ಸಿ.ಗೂ ಹೆಚ್ಚು ನೀರು ಹೊಳೆಯ ಪಾಲಾಯಿತು. ಸಸಿ ನಾಟಿ ಮಾಡಿ ಕುಳಿತಿದ್ದ ರೈತರಿಗೆ ನಿದ್ದೆ ಹತ್ತಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಿದರು. ಮಳೆಗಾಲ ಮುಗಿಯುವ ಮೊದಲೇ ಜಲಾಶಯ ಮತ್ತೆ ತುಂಬಿತು. ಗೇಟು ಮುಚ್ಚಿದ್ದು ಮನುಷ್ಯರ ಕಾಯಕ. ತುಂಬಿಸಿದ್ದು ಮಲೆನಾಡಿನ ಮಳೆ.

ಆ ಋಣವನ್ನು ಕಣ್ಣಾರೆ ಕಂಡು ಬರೋಣವೆಂದು, ಅದೇ ವರ್ಷ ಮಳೆ ಹಿಂಜರಿದ ಮೇಲೆ, ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡಿನ ಐದಾರು ಕುಟುಂಬದವರು ಸೇರಿ ಪ್ರವಾಸ ಹೊರಟೆವು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಇದ್ದವು. ನಮ್ಮೊಡನೆ ಸಿರುಗುಪ್ಪದ ಕಡೆಯ ಹಿರಿಯ ರೈತರೊಬ್ಬರಿದ್ದರು. ಎಪ್ಪತ್ತು ದಾಟಿದರೂ ಘಟ್ಟವನ್ನು ಕಂಡವರಲ್ಲ.

ಎರಡು ಹೊಳೆ, ಒಂದು ಹೆಸರು

ಹೊಸಪೇಟೆ, ಹರಿಹರಗಳನ್ನು ದಾಟಿ ಶಿವಮೊಗ್ಗದ ಸಮೀಪದ ಕೂಡಲಿಗೆ ಬಂದೆವು. ತುಂಗೆ ಮತ್ತು ಭದ್ರೆ ಒಂದಾಗಿ ತುಂಗಭದ್ರೆ ಎಂಬ ಹೆಸರು ಪಡೆಯುವ ಸ್ಥಳವಿದು. ಇವೆರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಮೂಲವೂ ಅದೇ. ನಮ್ಮ ಹಗರಿ, ಅಂದರೆ ವೇದಾವತಿಯೂ ಅದೇ ಜಿಲ್ಲೆಯ ಬೆಟ್ಟಗಳಿಂದಲೇ ಇಳಿದು ಬರುವವಳು. ಒಂದೇ ತವರಿನ ಹೆಣ್ಣುಮಕ್ಕಳು ಬೇರೆ ಬೇರೆ ದಾರಿ ಹಿಡಿದು ನಮ್ಮ ಸೀಮೆಯಲ್ಲಿ ಮತ್ತೆ ಕೂಡುತ್ತಾರೆಂದು ತಿಳಿದು ಜೊತೆಯ ತಾಯಂದಿರು ಹರ್ಷಪಟ್ಟರು.

ಆಗುಂಬೆಯ ಕಾಡಿನಲ್ಲಿ

ತೀರ್ಥಹಳ್ಳಿ ದಾಟಿದ ಮೇಲೆ ಬೆಳಕಿನ ಬಣ್ಣವೇ ಬದಲಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಬಳ್ಳಾರಿಯ ಹತ್ತು ವರ್ಷದ ಮಳೆಯನ್ನು ಕೂಡಿಸಿದರೂ ಅದಕ್ಕೆ ಸರಿದೂಗದು. ಅರಬ್ಬೀ ಸಮುದ್ರದ ಮೇಲಿನಿಂದ ಬರುವ ಮುಂಗಾರು ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರನ್ನೆಲ್ಲ ಅಲ್ಲಿಯೇ ಸುರಿಯುತ್ತದೆ. ಬೆಟ್ಟ ಬೋಳಾಗಿದ್ದರೆ ಆ ನೀರು ಮಣ್ಣನ್ನೂ ಎಳೆದುಕೊಂಡು ಒಮ್ಮೆಗೇ ಧುಮುಕಿ ಹೋಗುತ್ತಿತ್ತು. ಇಲ್ಲಿ ಹನಿಯ ರಭಸವನ್ನು ಮೊದಲು ಎತ್ತರದ ಮರಗಳು ತಡೆಯುತ್ತವೆ. ಬಳಿಕ ಕೆಳಮರಗಳು, ಬೆತ್ತ, ಬಳ್ಳಿ, ಜರೀಗಿಡಗಳು. ಕೊನೆಗೆ ಕೊಳೆತ ಎಲೆಯ ಹಾಸು ಅರಳೆಯ ಹಾಗೆ ನೀರನ್ನು ಹೀರಿ, ನೆಲಕ್ಕಿಳಿಸಿ, ಬೇಸಗೆಯವರೆಗೂ ಒರತೆಯಾಗಿ ಬಿಡುತ್ತದೆ. ಬೆಟ್ಟದ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾ ಕಾಡುಗಳ ಕೆಲಸವೂ ಇದೇ.

ಕಾಡಿನ ಅಂಚಿನಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಂಬಳಗಳು ಕಾಲು ಹಿಡಿದವು. ಮಕ್ಕಳು ಕಿರುಚಿದರು. ಅಜ್ಜಿಯೊಬ್ಬರ ಎಲೆಯಡಿಕೆ ಸಂಚಿಯ ಸುಣ್ಣದ ಡಬ್ಬಿಯೇ ಆ ಹೊತ್ತಿಗೆ ಔಷಧಿಯಾಯಿತು. ಅಷ್ಟರಲ್ಲಿ ತಲೆಯ ಮೇಲೆ ಭಾರವಾದ ರೆಕ್ಕೆಯ ಸದ್ದು ಹಾದುಹೋಯಿತು. ಅದು ಮಂಗಟ್ಟೆ ಹಕ್ಕಿ. ಹೆಣ್ಣು ಮಂಗಟ್ಟೆಯು ಹಳೆಯ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಸಣ್ಣ ಸೀಳೊಂದನ್ನು ಬಿಟ್ಟು ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಗಂಡು ಹಕ್ಕಿಯೇ ಹಣ್ಣು ತಂದು ಉಣಿಸಬೇಕು. "ಬಾಣಂತನ ಮಾಡೂದನ್ನ ಇದನ್ನ ನೋಡಿ ಕಲೀರಿ" ಎಂದು ಒಬ್ಬ ತಾಯಿ ಗಂಡಸರತ್ತ ನೋಡಿ ನಕ್ಕರು. ಮುದಿ ಮರವೊಂದು ಉರುಳಿದರೆ ಈ ಸಂಸಾರಕ್ಕೆ ಮನೆಯೇ ಇಲ್ಲವಾಗುತ್ತದೆ.

ಈ ಕಾಡು ಕಾಳಿಂಗ ಸರ್ಪದ ನೆಲೆಯೂ ಹೌದು. ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಇದು. ಇದರ ಆಹಾರವೂ ಬಹುಮಟ್ಟಿಗೆ ಹಾವುಗಳೇ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವು ಇದರ ಜೀವನಕ್ರಮವನ್ನು ಅಭ್ಯಸಿಸಿದೆ. ಪಶ್ಚಿಮಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ನಿರೂಪಿಸಿ, ಶಾಸ್ತ್ರೀಯ ನಾಮದಲ್ಲಿ ನಮ್ಮ 'ಕಾಳಿಂಗ' ಪದವನ್ನೇ ಇರಿಸಿದ್ದಾರೆ. ಕನ್ನಡಿಗರು ಅಭಿಮಾನಪಡಬೇಕಾದ ಸಂಗತಿಯಿದು.

ಕುದುರೆಮುಖದ ಪಾಠ

ಶೃಂಗೇರಿಯ ಮೇಲಿಂದ ಕುದುರೆಮುಖದತ್ತ ಸಾಗಿದೆವು. 1987ರಲ್ಲಿ ಘೋಷಿತವಾದ ಈ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಪಶ್ಚಿಮಘಟ್ಟವಲ್ಲದೆ ಬೇರೆಲ್ಲಿಯೂ ಇರದ ಸಿಂಗಳೀಕಕ್ಕೆ ಇದು ಆಶ್ರಯ. ಇಂಥ ನೆಲೆಯ ನಡುವೆಯೇ ವರ್ಷಗಟ್ಟಲೆ ಕಬ್ಬಿಣದ ಅದಿರನ್ನು ಅಗೆಯಲಾಯಿತು. ಮಳೆಗಾಲದಲ್ಲಿ ಹೂಳು ಭದ್ರೆಗೆ ಸೇರುವ ಬಗ್ಗೆ ಜನ ದನಿಯೆತ್ತಿದರು. ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಗಣಿಯ ಮಾತು ಬಳ್ಳಾರಿಯವರಾದ ನಮಗೆ ಹೊಸದಲ್ಲ. ಅದಿರಿನಿಂದ ಅನ್ನ ಕಂಡ ಮನೆಗಳೂ ನಮ್ಮಲ್ಲಿವೆ, ಅದರ ಧೂಳಿನಿಂದ ಹೊಲ ಕೆಟ್ಟವರೂ ನಮ್ಮವರೇ. 2011ರಲ್ಲಿ ನ್ಯಾಯಾಲಯವು ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಕೆಲಸ ಕಳೆದುಕೊಂಡವರ ಕಷ್ಟವನ್ನೂ ಕಂಡಿದ್ದೇವೆ. ಆದ್ದರಿಂದ ಉಪದೇಶದ ಮಾತು ನಮಗೆ ಒಪ್ಪುವುದಿಲ್ಲ. ಆದರೆ ಲೆಕ್ಕವೊಂದು ಕಣ್ಣ ಮುಂದಿದೆ. 1953ರಲ್ಲಿ ನೀರು ತುಂಬಿಕೊಂಡ ನಮ್ಮ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಇತ್ತು, ಹೂಳು ತುಂಬಿ ಅದು ಈಗ 105ರ ಆಸುಪಾಸಿಗೆ ಇಳಿದಿದೆ. ಮೇಲಿನ ನೆಲ ಎಲ್ಲಿ ಸವೆದರೂ ಅದರ ಮಣ್ಣು ಬಂದು ಕೂರುವುದು ನಮ್ಮ ನೀರಿನ ಜಾಗದಲ್ಲಿ.

ಗಂಗಾಮೂಲ ಉದ್ಯಾನದೊಳಗಿದೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕಾಲಿಡುವಂತಿಲ್ಲ. ನಾವು ರಸ್ತೆಯ ಬದಿಯಲ್ಲಿಯೇ ನಿಂತು, ಕಲ್ಲುಗಳ ನಡುವೆ ಹರಿದು ಬರುತ್ತಿದ್ದ ತೊರೆಯೊಂದನ್ನು ಕಂಡೆವು. ಹಿರಿಯರು ಬಹಳ ಹೊತ್ತು ಅದನ್ನೇ ನೋಡಿದರು. "ಇಷ್ಟ ಸಣ್ಣದೇನಪ್ಪಾ ಇದು! ಇಂಥಾವು ಕೂಡಿ ನಮ್ಮ ಗದ್ದಿ ತನಕ ಬರ್ತಾವೇನು?" ಎಂದರು. ಅದೇ ಕ್ಷಣ ನಮ್ಮ ಹುಡುಗನೊಬ್ಬ ಚಿಪ್ಸಿನ ಖಾಲಿ ಪೊಟ್ಟಣವನ್ನು ನೀರಿಗೆಸೆದ. ಅವರು ಗದರಲಿಲ್ಲ. ಪಂಚೆ ಎತ್ತಿ ಕಟ್ಟಿ, ಜಾರುವ ಕಲ್ಲುಗಳ ಮೇಲೆ ಇಳಿದು, ಪೊಟ್ಟಣವನ್ನು ಎತ್ತಿ ತಂದು ಜೇಬಿಗಿಟ್ಟುಕೊಂಡರು. "ತಮ್ಮಾ, ಇದು ನಮ್ಮ ಮನೀಗೇ ಬರೋ ನೀರು" ಎಂದಷ್ಟೇ ನುಡಿದರು. ಬಸ್ಸಿಗೆ ಮರಳುವಾಗ ಆ ಹುಡುಗ ಅವರ ಕೈ ಹಿಡಿದಿದ್ದ.

ನಮ್ಮ ಪಾಲಿನ ಕಾಯಕ

ಹಿಂದಿರುಗುವಾಗ ಭದ್ರೆಯ ದಂಡೆಯ ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠದ ದರ್ಶನ ಪಡೆದು ಪ್ರಸಾದ ಸ್ವೀಕರಿಸಿದೆವು. ಅನ್ನದ ಮುಂದೆ ಕುಳಿತಾಗ ಮನಸ್ಸಿಗೆ ಬಂದುದಿಷ್ಟು: ಕಾಡು ನಡೆಸುತ್ತಿರುವುದೂ ದಾಸೋಹವೇ, ಉಂಡವರು ಎಂಜಲು ಮಾಡಿ ಹೋಗಬಾರದು.

2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಗೆ ಸೇರಿಸಿದಾಗ ಕುದುರೆಮುಖ, ಆಗುಂಬೆಯ ಕಾಡುಗಳೂ ಅದರಲ್ಲಿದ್ದವು. ಅವುಗಳನ್ನು ಕಾಯುವ ಭಾರವನ್ನು ಅಲ್ಲಿಯ ಜನರ ಮೇಲೆಯೇ ಹೊರಿಸಿ ನಾವು ನೀರುಂಡು ಸುಮ್ಮನಿರುವುದು ನ್ಯಾಯವಲ್ಲ. ನಮ್ಮಿಂದಾಗುವ ಕೆಲಸಗಳಿವೆ. ಪ್ರವಾಸಕ್ಕೆ ಹೋದವರು ಒಯ್ದುದೆಲ್ಲವನ್ನೂ ಮರಳಿ ತರೋಣ. ಕಾಲುವೆಯ ತಲೆಯಲ್ಲಿರುವವರು ಗದ್ದೆಗೆ ಬೇಕಾದಷ್ಟೇ ನೀರು ಬಿಟ್ಟುಕೊಂಡು, ಕೊನೆಯ ಹೊಲದ ಬಂಧುವಿಗೂ ಮುಟ್ಟುವಂತೆ ನಡೆದುಕೊಳ್ಳೋಣ. ಮನೆಯ ನಲ್ಲಿ ತಿರುಗಿಸುವಾಗ ಮಕ್ಕಳಿಗೆ ಆ ನೀರಿನ ದಾರಿಯನ್ನು ಒಮ್ಮೆ ಹೇಳೋಣ.

ಈಗ ಸಿರುಗುಪ್ಪದ ಆ ಹಿರಿಯರು ಕಾಲುವೆಗೆ ನೀರು ಬಿಟ್ಟ ದಿನ ಗದ್ದೆಯ ಬದುವಿನಲ್ಲಿ ನಿಂತು, ಕೈಜೋಡಿಸುವ ಮೊದಲು ಪಶ್ಚಿಮದ ಕಡೆಗೆ ತಿರುಗುತ್ತಾರಂತೆ. ಕೇಳಿದವರಿಗೆ, "ಅಲ್ಲಿ ಹೋಗಿ ಬಂದೀನಿ" ಎನ್ನುತ್ತಾರೆ.