ಇಂಜುರಿ ಅಂದರೆ ಏನು?



ಮುದ್ದೇನಹಳ್ಳಿ ಕಡೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿದರೆ ನಾವು ‘ಗಾಯ ಆಯ್ತು’ ಅಂತೀವಿ. ಕಲ್ಲು ಬಡಿದರೆ ‘ಏಟು ಬಿತ್ತು’ ಅಂತೀವಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಕೈಗೆ ಬಿಸಿನೀರು ತಾಗಿದರೆ ‘ಬೊಬ್ಬೆ ಬಂತು’ ಅಂತೀವಿ. ಆಸ್ಪತ್ರೆಯಲ್ಲಿ, ಪೊಲೀಸ್ ಠಾಣೆಯಲ್ಲಿ ಇವಕ್ಕೆಲ್ಲ ಒಂದು ಇಂಗ್ಲಿಷ್ ಮಾತಿದೆ. ಅದೇ ಇಂಜುರಿ.

ಈ ಮಾತು ಎಲ್ಲಿಂದ ಬಂತು? ರೋಮ್ ದೇಶದವರ ಹಳೆಯ ಭಾಷೆ ಲ್ಯಾಟಿನ್. ಅದರಲ್ಲಿ ‘ಯೂಸ್’ ಅಂದರೆ ನ್ಯಾಯ, ಹಕ್ಕು. ‘ಇನ್’ ಅಂದರೆ ಅಲ್ಲ. ಎರಡೂ ಸೇರಿ ‘ಇನ್ಯೂರಿಯ’ ಆಯಿತು. ನಾವು ‘ನ್ಯಾಯ’ಕ್ಕೆ ‘ಅ’ ಸೇರಿಸಿ ‘ಅನ್ಯಾಯ’ ಅನ್ನುವುದಿಲ್ಲವೇ? ಹಾಗೇ ಇದು. ಫ್ರೆಂಚ್ ಭಾಷೆ ದಾಟಿ ಇಂಗ್ಲಿಷಿಗೆ ಬಂದಾಗ ಇದು ಇಂಜುರಿ ಆಯಿತು. ಅಂದರೆ ಇಂಜುರಿಯ ಮೊದಲ ಅರ್ಥ ಗಾಯವಲ್ಲ, ಅನ್ಯಾಯ! ಮೈಗೆ ಆದ ಗಾಯ ಎಂಬ ಅರ್ಥ ಆಮೇಲೆ ಬಂತು.

ಕಾನೂನು ಆ ಹಳೆಯ ಅರ್ಥವನ್ನು ಬಿಟ್ಟಿಲ್ಲ. 1860ರ ದಂಡ ಸಂಹಿತೆಯಲ್ಲಿ ಅದು ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಕಾನೂನು ಮೀರಿ ಒಬ್ಬರ ಮೈಗೆ, ಮನಸ್ಸಿಗೆ, ಮಾನಕ್ಕೆ, ಆಸ್ತಿಗೆ ಮಾಡಿದ ಕೇಡೆಲ್ಲ ಇಂಜುರಿಯೇ. ರಕ್ತ ಬರಲೇಬೇಕು ಅಂತಿಲ್ಲ.

ಹೊಡೆತ ತಿಂದು ಆಸ್ಪತ್ರೆಗೆ ಹೋದರೆ ಡಾಕ್ಟರು ಗಾಯದ ಸರ್ಟಿಫಿಕೇಟ್ ಬರೀತಾರೆ. ಅದರಲ್ಲಿ ‘ಸಿಂಪಲ್’ ಅಂದರೆ ಸಾಧಾರಣ ಗಾಯ. ‘ಗ್ರೀವಿಯಸ್’ ಅಂದರೆ ಭಾರಿ ಗಾಯ. ಮೂಳೆ ಮುರಿದರೆ ಭಾರಿ ಗಾಯ. ಹಲ್ಲು ಮುರಿದರೂ ಭಾರಿ ಗಾಯವೇ. ಭಾರಿ ಗಾಯಕ್ಕೆ ಶಿಕ್ಷೆಯೂ ಹೆಚ್ಚು.

ನಮ್ಮಲ್ಲಿ ಎಷ್ಟೋ ಜನ ಗಂಡ ಹೊಡೆದರೂ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅಂತೀವಿ. ಮನೆ ಮರ್ಯಾದೆ ಹೋದೀತು ಅಂತ ಭಯ. ಆದರೆ ನಾವು ಹೇಳಿದ್ದೇ ಕಾಗದಕ್ಕೆ ಏರುತ್ತದೆ. ಆಮೇಲೆ ನಿಜ ಹೇಳಿದರೆ ‘ಅವತ್ತು ಯಾಕೆ ಹೇಳಲಿಲ್ಲ?’ ಅಂತ ಕೇಳ್ತಾರೆ. ಆದ್ದರಿಂದ ಡಾಕ್ಟರ ಮುಂದೆ ನಿಜ ಹೇಳಿ. ಠಾಣೆಯಲ್ಲಿ ಬರೆದುಕೊಂಡದ್ದನ್ನು ಓದಿ ನೋಡಿ, ಆಮೇಲೆ ಸಹಿ ಹಾಕಿ. ಎಫ್‌ಐಆರ್ ನಕಲನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು. ಕೇಳಿ ಪಡೆಯಿರಿ.

ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಪಾಡಲು 2005ರ ಕಾನೂನು ಇದೆ. ಬೈಗುಳ, ಅವಮಾನವೂ ಅದರ ಲೆಕ್ಕಕ್ಕೆ ಬರುತ್ತದೆ. ಮಹಿಳಾ ಸಹಾಯವಾಣಿ 181. ತುರ್ತಿಗೆ 112.

ಗಾಯಕ್ಕೆ ಮದ್ದು ಬೇಕು. ಅನ್ಯಾಯಕ್ಕೆ ನ್ಯಾಯ ಬೇಕು. ಇಂಜುರಿ ಎಂಬ ಮಾತಿನಲ್ಲಿ ಎರಡೂ ಇವೆ.

ಓದಿ, ಬರೆಯಿರಿ: ಗಾಯ, ಏಟು, ನ್ಯಾಯ, ಅನ್ಯಾಯ, ಸಹಿ, ನಕಲು.

ಕೂಡಿ ಮಾತಾಡಿ: ಕಣ್ಣಿಗೆ ಕಾಣದ ಗಾಯ ಯಾವುದು?