ಸಾಧು ಕುದುರೆಯೋ, ಸೋತ ಕುದುರೆಯೋ?

ತೀರ್ಥಹಳ್ಳಿಯಿಂದ ಆಗುಂಬೆಗೆ ಸಾಗುವ ದಾರಿಯಲ್ಲಿ ಸಿಗುವ ಮೇಗರವಳ್ಳಿ ಕನ್ನಡ ಓದುಗರಿಗೆ ಅಪರಿಚಿತ ಊರಲ್ಲ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮುಖ್ಯ ನೆಲೆಗಳಲ್ಲಿ ಇದೂ ಒಂದು. ಆ ಕಥೆಯಲ್ಲಿ ಪಾದ್ರಿಯೊಬ್ಬರ ಬೈಸಿಕಲ್ಲು ಮಲೆನಾಡಿನ ಜನರಿಗೆ ದೊಡ್ಡ ಬೆರಗು. ಇಂದು ಅದೇ ಸೀಮೆಯ ತೋಟದ ಮನೆಗಳಿಗೆ ಪೇಟೆಯ ಅತಿಥಿಗಳು ಬಂದು ತಂಗುತ್ತಾರೆ; ಮತ್ತೊಂದು ಬಗೆಯ ಸವಾರಿಯ ಮಾತು ನಮ್ಮ ಕಿವಿಗೆ ಬಿದ್ದಿದೆ.

ಕಳೆದ ಬೇಸಗೆಯಲ್ಲಿ ಅಲ್ಲಿನ ಒಂದು ಕುಟುಂಬ ಮನೆ ಆಶೀರ್ವಾದಕ್ಕೆ ನಮ್ಮನ್ನು ಕರೆದಿತ್ತು. ಪ್ರಾರ್ಥನೆ ಮುಗಿದು ಕಾಫಿಯ ಲೋಟ ಕೈಗೆ ಬಂದಾಗ ಮನೆಯ ಯಜಮಾನರು ಮನದ ಭಾರ ಇಳಿಸಿದರು. ಎಲೆಚುಕ್ಕೆ ರೋಗದಿಂದ ಅಡಿಕೆ ಫಸಲು ಕುಗ್ಗಿದೆ. ಬೆಂಗಳೂರಿನ ನೌಕರಿ ಬಿಟ್ಟು ಬಂದ ಮಗ ಸಾಲ ಮಾಡಿ ಎರಡು ಕುದುರೆ ಕೊಳ್ಳುವ ಯೋಚನೆಯಲ್ಲಿದ್ದಾನೆ. ಓಡಿಸುವುದಿಲ್ಲ, ನೆಗೆಸುವುದಿಲ್ಲ, ಒಬ್ಬರು ಹಗ್ಗ ಹಿಡಿದು ನಡೆಯುವುದು, ಅತಿಥಿಗಳು ಮೇಲೆ ಕುಳಿತು ತೋಟ, ಗದ್ದೆ, ಕೆರೆಯ ದಂಡೆಗಳನ್ನು ನಿಧಾನವಾಗಿ ಸುತ್ತಿ ಬರುವುದು. “ಕುದುರೆ ಸಾಧುವಾಗಿದ್ದರೆ ಸಾಕಲ್ಲವೇ, ಫಾದರ್? ದನ ಸಾಕಿದ ಮನೆ ನಮ್ಮದು” ಎಂದರು ಮನೆಯಾಕೆ.

ನಾವು ಕೂಡಲೇ ಉತ್ತರಿಸಲಿಲ್ಲ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಒಂದು ಗಿರಿಧಾಮಕ್ಕೆ ಹೋಗಿದ್ದಾಗ ನಾವೂ ಬಾಡಿಗೆಯ ಕುದುರೆಯನ್ನೇರಿದ್ದೆವು. ಹುಡುಗನೊಬ್ಬ ಹಗ್ಗ ಎಳೆದಂತೆ ಅದು ನಡೆಯಿತು. ತಲೆ ಕೊಡವಲಿಲ್ಲ, ಕಿವಿ ಅಲುಗಿಸಲಿಲ್ಲ. ಎಂಥ ಸಾಧು ಪ್ರಾಣಿ ಎಂದು ಹೊಗಳಿದೆವು. ಇಳಿದು ನೋಡಿದಾಗ ಜೀನಿನ ಅಂಚಿನಲ್ಲಿ ಚರ್ಮ ಉಜ್ಜಿ ಕೆಂಪಾಗಿತ್ತು. ಗಾಯದ ಮೇಲೆ ನೊಣ ಕುಳಿತರೂ ಅದು ಮೈ ಅದುರಿಸಲಿಲ್ಲ. ಆ ಪ್ರಾಣಿಯಲ್ಲಿದ್ದುದು ಶಾಂತಿಯಲ್ಲ, ಸೋಲು. ನಾವು ಫೋಟೋ ತೆಗೆಸಿಕೊಂಡು, ಹಣ ಕೊಟ್ಟು, ಒಂದು ಮಾತೂ ಆಡದೆ ಹಿಂದಿರುಗಿದೆವು.

ಶಾಂತಿಯೂ ಸೋಲೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಆದ್ದರಿಂದಲೇ ವಿವೇಚನೆ ಬೇಕು. ಶಾಂತವಾದ ಕುದುರೆಯ ಕಿವಿಗಳು ಸದ್ದಿನ ಕಡೆಗೆ ತಿರುಗುತ್ತಿರುತ್ತವೆ. ಹತ್ತಿರ ಬಂದವರನ್ನು ಅದು ಮೂಸಿ ನೋಡುತ್ತದೆ, ಬೇಡವೆನಿಸಿದರೆ ಮುಖ ತಿರುಗಿಸುತ್ತದೆ. ಎಷ್ಟು ತಿಳಿಸಿದರೂ ಕೇಳುವವರಿಲ್ಲವೆಂದು ಕಂಡುಕೊಂಡ ಕುದುರೆಯಾದರೋ ತಿಳಿಸುವುದನ್ನೇ ಬಿಟ್ಟುಬಿಡುತ್ತದೆ. ಸಾಕ್ರಟೀಸನ ಶಿಷ್ಯ ಕ್ಸೆನೊಫೋನನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅಶ್ವಾರೋಹಣದ ಬಗ್ಗೆ ಗ್ರಂಥ ಬರೆದು, ಕೋಪದಿಂದ ಕುದುರೆಯ ಬಳಿ ಸುಳಿಯಲೇಬಾರದೆಂದು ಎಚ್ಚರಿಸಿದ. ಶ್ರೀಗ್ರಂಥದ ಸಂಖ್ಯಾಕಾಂಡದ 22ನೆಯ ಅಧ್ಯಾಯದಲ್ಲಿ ಬಿಳಾಮನು ತನ್ನ ಕತ್ತೆಯನ್ನು ಮೂರು ಬಾರಿ ಹೊಡೆಯುತ್ತಾನೆ. ದಾರಿಯಲ್ಲಿ ನಿಂತ ದೇವದೂತನು ಕತ್ತೆಗೆ ಕಂಡಿದ್ದನು, ಸವಾರನಿಗೆ ಕಂಡಿರಲಿಲ್ಲ. ನಿಂತುಬಿಟ್ಟ ಪ್ರಾಣಿಗೆ ಕಾರಣವಿರಬಹುದೆಂದು ಯೋಚಿಸುವುದೇ ಸವಾರಿಯ ಮೊದಲ ಪಾಠ.

ಇನ್ನು ದನ ಸಾಕಿದ ಕೈಗೆ ಕುದುರೆ ಸುಲಭವೆಂಬ ಮಾತು. ಮಲೆನಾಡಿನ ಘಟ್ಟದ ದಾರಿಗಳಲ್ಲಿ ಸಾಮಾನು ಸಾಗಿಸಿದ್ದು ಹೇರೆತ್ತುಗಳು. ಕುದುರೆ ಅರಸರ, ಅಧಿಕಾರಿಗಳ ವಾಹನವಾಗಿತ್ತು. ರೈತನ ಮನೆಗೆ ಅದರ ಪರಿಚಯ ಕಡಿಮೆ. ಹಸು ಮೆಲುಕು ಹಾಕುವ ಪ್ರಾಣಿ. ಕುದುರೆಗೆ ಇರುವುದು ಒಂದೇ ಕೋಣೆಯ ಸಣ್ಣ ಜಠರ. ಆದ್ದರಿಂದ ಅದು ದಿನವಿಡೀ ಸ್ವಲ್ಪಸ್ವಲ್ಪವಾಗಿ ಮೇಯುತ್ತಿರಬೇಕು. ತಿಂದದ್ದು ಸರಿಹೋಗದಿದ್ದರೆ ವಾಂತಿ ಮಾಡಿಕೊಳ್ಳಲು ಅದಕ್ಕೆ ಆಗದು. ಹೊಟ್ಟೆನೋವು ಬಂದರೆ ದಿನದೊಳಗೆ ಪ್ರಾಣಕ್ಕೇ ಕುತ್ತಾಗಬಹುದು. ಬೂಷ್ಟು ಹಿಡಿದ ಹುಲ್ಲು ಅದರ ಶ್ವಾಸಕ್ಕೂ ಹೊಟ್ಟೆಗೂ ಕೇಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಮಗ್ಗುಲಿನ ಊರಿನಲ್ಲಿ ನಾಲ್ಕು ತಿಂಗಳು ಹುಲ್ಲನ್ನು ಒಣಗಿದಂತೆ ಕಾಪಾಡುವುದೂ, ಕೆಸರಿನಲ್ಲಿ ಗೊರಸು ಕೊಳೆಯದಂತೆ ನೋಡಿಕೊಳ್ಳುವುದೂ ಸಣ್ಣ ಕೆಲಸವೇನಲ್ಲ. ಆ ತಿಂಗಳುಗಳಲ್ಲಿ ಸವಾರಿಗೆ ಅತಿಥಿಗಳಿರುವುದಿಲ್ಲ. ಕುದುರೆಗೆ ಹಸಿವು ಇದ್ದೇ ಇರುತ್ತದೆ.

ಅತಿಥಿಗಳು ಬರುವ ಬೇಸಗೆಗೂ ತನ್ನದೇ ಎಚ್ಚರಿಕೆ ಬೇಕು. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ತಲೆ ಎತ್ತುತ್ತದೆ. ತರಗೆಲೆಗಳ ನಡುವಿನ ಉಣುಗು ಅದನ್ನು ಹರಡುತ್ತದೆ. ಆದ್ದರಿಂದ ಸವಾರಿ ಕಾಡಿನ ಕಾಲುದಾರಿಗೆ ಹೊರಳದೆ, ಗುಡಿಸಿ ಹಸನಾಗಿಟ್ಟ ತೋಟದ ದಾರಿಯಲ್ಲಿಯೇ ಉಳಿಯುವುದು ಕ್ಷೇಮ. ಭಾರದ ಲೆಕ್ಕವೂ ಇದೆ. ಕುದುರೆಯ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊರೆ ಅದರ ಬೆನ್ನಿನ ಮೇಲಿರಬಾರದೆಂಬುದು ಬಲ್ಲವರ ಮಾತು. 300 ಕಿಲೋ ತೂಗುವ ಕುದುರೆಗೆ ಜೀನು ಸೇರಿ 60 ಕಿಲೋ. ಈ ಲೆಕ್ಕ ಕೇಳಿ ಯಜಮಾನರು ತಮ್ಮ ಹೊಟ್ಟೆಯನ್ನೊಮ್ಮೆ ಸವರಿಕೊಂಡು ನಕ್ಕರು.

ಕೆಲವು ದಿನಗಳ ಬಳಿಕ ಮಗ ನಮ್ಮ ಧರ್ಮಕೇಂದ್ರಕ್ಕೆ ಬಂದ. ಮುಖದಲ್ಲಿ ಸ್ವಲ್ಪ ಮುನಿಸಿತ್ತು. “ಎಲ್ಲರೂ ಬೇಡವೆನ್ನುವುದಕ್ಕೆ ಕಾರಣ ಕೊಡುತ್ತೀರಿ, ಫಾದರ್. ತೋಟ ಬಿಟ್ಟು ಮತ್ತೆ ಬೆಂಗಳೂರಿಗೆ ಹೋಗಲೇ?” ಎಂದು ಕೇಳಿದ. ಆ ಪ್ರಶ್ನೆ ನಮ್ಮನ್ನು ತಟ್ಟಿತು. ಮಣ್ಣಿಗೆ ಮರಳಿದ ಯುವಕರನ್ನು ಬರೀ ಎಚ್ಚರಿಕೆಯ ಮಾತುಗಳಿಂದ ಉಳಿಸಿಕೊಳ್ಳಲಾಗದು. ಬೇಡವೆಂದು ನಾವು ಹೇಳಲಿಲ್ಲ. ಕೊಳ್ಳುವ ಮೊದಲು ಕಲಿ ಎಂದೆವು. ಈಗ ಅವನು ಕುದುರೆ ಸಾಕುವ ಒಂದು ಕಡೆ ಲಾಯ ಗುಡಿಸುವ ಕೆಲಸದಿಂದಲೇ ಆರಂಭಿಸಿದ್ದಾನೆ. ಕುದುರೆಗೆ ನೇರ ಹಿಂದೆಯೂ ಮೂಗಿನ ಮುಂದೆಯೂ ಕಣ್ಣು ಕಾಣದ ಜಾಗವಿರುವುದರಿಂದ ಮಾತನಾಡಿಸುತ್ತ ಭುಜದ ಕಡೆಯಿಂದ ಸಮೀಪಿಸಬೇಕೆಂದು ಮೊನ್ನೆ ನಮಗೇ ಪಾಠ ಹೇಳಿದ. ತಾಯಿ ಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳ ಹುಲ್ಲಿನ ಖರ್ಚನ್ನು ಬರೆದಿಟ್ಟಿದ್ದಾರೆ. ಸಾಲದ ಅರ್ಜಿ ಇನ್ನೂ ಮೇಜಿನ ಮೇಲೆಯೇ ಇದೆ.

ಪ್ರಿಯ ವಾಚಕರೇ, ರಜೆಯಲ್ಲಿ ನಿಮ್ಮ ಮಕ್ಕಳನ್ನು ಕುದುರೆಯ ಮೇಲೆ ಕೂರಿಸುವ ಮುನ್ನ ತಲೆಗೆ ಹೆಲ್ಮೆಟ್ ಇದೆಯೇ ಎಂದು ಕೇಳಿರಿ. ಇದು ಇಂದು ಎಷ್ಟನೆಯ ಸುತ್ತು, ಇದಕ್ಕೆ ಬಿಡುವಿನ ದಿನ ಯಾವುದು ಎಂದು ವಿಚಾರಿಸಿರಿ. ಜೀನಿನ ಅಂಚನ್ನು ಎತ್ತಿ ನೋಡಿರಿ. ಹಗ್ಗ ಹಿಡಿದವನು ಊಟ ಮಾಡಿದ್ದಾನೆಯೇ ಎಂಬುದನ್ನೂ ಕೇಳಿರಿ. ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮಗುವಿಗೆ ತಿಳಿಹೇಳಿ ಹಿಂದಿರುಗಿರಿ. ಅಂದು ಆ ಗಿರಿಧಾಮದಲ್ಲಿ ನಾವು ಕೇಳದೆ ಬಂದ ಪ್ರಶ್ನೆಗಳು ಇವೇ.