ಲಕ್ಷ ಕಿಲೋಮೀಟರ್ ದಾಟಿದ ಕಾರು: ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್ ಬದಲಾಯಿಸಬೇಕಾ, ಬೇಡ್ವಾ?

ಪುಣೆ, ಹೈದರಾಬಾದ್, ಚೆನ್ನೈ ಕಡೆ ಇರೋ ನಮ್ಮವರಲ್ಲಿ ತುಂಬಾ ಜನರ ಹತ್ರ ಎಂಟು–ಹತ್ತು ವರ್ಷದ ಕಾರಿದೆ. ವಾರವೆಲ್ಲಾ ಆಫೀಸ್ ಟ್ರಾಫಿಕ್‌ನಲ್ಲಿ ತೆವಳುತ್ತೆ, ಹಬ್ಬ ಬಂದ್ರೆ ಅಪ್ಪ, ಅಮ್ಮ, ಮಕ್ಕಳು, ಲಗೇಜು ಎಲ್ಲಾ ಹೊತ್ತುಕೊಂಡು ಘಾಟಿ ಹತ್ತಿ ಊರಿಗೆ ಹೋಗುತ್ತೆ. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ತಪ್ಪದೆ ಬದಲಾಗುತ್ತೆ. ಆದರೆ ಗೇರ್‌ಬಾಕ್ಸ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿದ್ರೆ ಹೆಚ್ಚಿನವರ ಹತ್ರ ಉತ್ತರ ಇರಲ್ಲ.

ಇದರ ಬಗ್ಗೆ ಎರಡು ಮಾತು ಓಡಾಡ್ತಿವೆ. ಒಂದು, "ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ." ಇನ್ನೊಂದು, "ಇಷ್ಟು ಓಡಿದ ಮೇಲೆ ಬದಲಾಯಿಸಿದ್ರೆ ಗೇರ್‌ಬಾಕ್ಸ್ ಹೋಗಿಬಿಡುತ್ತೆ." ಹಳೆ ಕಾರಿಗೆ ಗೇರ್‌ಬಾಕ್ಸ್ ಬಿಚ್ಚಿಸಿ ಕಟ್ಟಿಸೋ ಖರ್ಚು ಕೆಲವೊಮ್ಮೆ ಕಾರಿನ ಬೆಲೆಯ ಹತ್ರಹತ್ರ ಬಂದುಬಿಡುತ್ತೆ. ಹಾಗಾಗಿ ಎರಡನ್ನೂ ಸರಿಯಾಗಿ ಬಿಡಿಸಿ ನೋಡೋಣ.

ಖಾಲಿ ಆಗಲ್ಲ, ಆದ್ರೆ ಹಳೇದಾಗುತ್ತೆ

ಗೇರ್ ಆಯಿಲ್ ಎಂಜಿನ್ ಆಯಿಲ್ ಥರ ಸುಡೋದಿಲ್ಲ, ಅದರಲ್ಲಿ ಮಸಿ ಸೇರೋದಿಲ್ಲ. ಅದಕ್ಕೇ ಬಹಳ ದಿನ ಬಾಳುತ್ತೆ. ಆದ್ರೆ ಮೂರು ಕೆಲಸ ನಿಧಾನಕ್ಕೆ ನಡೀತಾನೇ ಇರ್ತವೆ: ಬಿಸಿಗೆ ಆಯಿಲ್ ಆಕ್ಸಿಡೈಸ್ ಆಗುತ್ತೆ, ಹಲ್ಲು ಹಲ್ಲಿಗೆ ಉಜ್ಜಿ ಲೋಹದ ಪುಡಿ ಸೇರುತ್ತೆ, ಗೇರನ್ನ ಕಾಪಾಡೋ ಅಡಿಟಿವ್‌ಗಳು ಸವೆದು ಹೋಗ್ತವೆ. ಗೇರ್‌ಬಾಕ್ಸ್‌ಗೆ ಸಣ್ಣದೊಂದು ಗಾಳಿ ಕೊಳವೆ ಇರುತ್ತೆ, ಬ್ರೀದರ್ ಅಂತಾರೆ. ಮಳೆನೀರು ತುಂಬಿದ ರಸ್ತೆಯಲ್ಲಿ ಅದರೊಳಗಿಂದ ನೀರೂ ಸೇರಬಹುದು.

ಇನ್ನು "ಲೈಫ್‌ಟೈಮ್" ಅಂದ್ರೆ ಯಾರ ಲೈಫು? ಕಂಪನಿ ಲೆಕ್ಕದಲ್ಲಿ ಕಾರಿಗೆ ಒಂದು ಅಂದಾಜಿನ ಆಯುಷ್ಯ ಇರುತ್ತೆ, ಒಂದು ಮಾಮೂಲಿ ಬಳಕೆ ಇರುತ್ತೆ. ಮ್ಯಾನ್ಯುಯಲ್ ತೆಗೆದು ನೋಡಿ, ಬಹಳಷ್ಟರಲ್ಲಿ ಕಠಿಣ ಬಳಕೆಗೆ ಬೇರೆ ಪಟ್ಟಿ ಕೊಟ್ಟಿರ್ತಾರೆ: ಧೂಳು, ಬಿಸಿಲು, ನಿಂತು ನಿಂತು ಹೋಗೋ ಟ್ರಾಫಿಕ್, ಗುಡ್ಡಗಾಡು. ನಮ್ಮ ಹಿಂಜೇವಾಡಿ, ಗಚ್ಚಿಬೌಲಿ ಜೀವನ ಪೂರ್ತಿ ಆ ಪಟ್ಟಿಯಲ್ಲೇ ಇದೆ! ಮ್ಯಾನ್ಯುಯಲ್‌ನಲ್ಲಿ ಏನೂ ಹೇಳಿಲ್ಲ ಅಂದ್ರೆ 60,000ದಿಂದ 80,000 ಕಿಲೋಮೀಟರ್‌ಗೆ ಒಮ್ಮೆ ಅಂತ ಇಟ್ಕೊಳ್ಳಿ.

ನಿಮ್ಮ ಕಾರಿನಲ್ಲಿ ಯಾವುದು ಎಲ್ಲಿದೆ?

ಸ್ವಿಫ್ಟ್, ಐ20, ಎರ್ಟಿಗಾ ಥರ ಮುಂದಿನ ಚಕ್ರ ತಿರುಗೋ ಕಾರಿನಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಕೂತಿರುತ್ತೆ. ಮ್ಯಾನ್ಯುಯಲ್ ಗೇರ್ ಆದ್ರೆ ಎರಡಕ್ಕೂ ಒಂದೇ ಆಯಿಲ್, ಸಾಮಾನ್ಯವಾಗಿ ಎರಡು ಲೀಟರ್ ಆಸುಪಾಸು.

ಇನ್ನೋವಾ ಕ್ರಿಸ್ಟಾ, ಬೊಲೆರೋ, ಸ್ಕಾರ್ಪಿಯೋ, ಈಕೋ ಇವೆಲ್ಲ ಹಿಂದಿನ ಚಕ್ರದ ಗಾಡಿಗಳು. ಇವುಗಳ ಹಿಂದಿನ ಆಕ್ಸಲ್ ಮಧ್ಯೆ ದಪ್ಪ ಉಂಡೆ ಕಾಣುತ್ತಲ್ಲ, ಅದೇ ಡಿಫರೆನ್ಷಿಯಲ್. ಅದಕ್ಕೆ ಬೇರೆ ಆಯಿಲ್. ಬಹಳ ಗಾಡಿಗಳಲ್ಲಿ ಮರೆತು ಹೋಗೋದು ಇದೇ. ಫೋರ್ ವೀಲ್ ಡ್ರೈವ್ ಆದ್ರೆ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್ ಕೂಡ ಲೆಕ್ಕಕ್ಕೆ ಸೇರಿಸಿ.

ಜಿಎಲ್-4, ಜಿಎಲ್-5: ದೊಡ್ಡದು ಅಂದ್ರೆ ಒಳ್ಳೇದು ಅಂತಲ್ಲ

ಇಲ್ಲಿ ನಮ್ಮ ಸಾಫ್ಟ್‌ವೇರ್ ಬುದ್ಧಿ ಮೋಸ ಮಾಡುತ್ತೆ. 5 ಅಂದ್ರೆ 4ರ ಹೊಸ ವರ್ಷನ್ ಅಲ್ಲ, ಕೆಲಸವೇ ಬೇರೆ. ಹಿಂದಿನ ಡಿಫರೆನ್ಷಿಯಲ್‌ನಲ್ಲಿ ಪಿನಿಯನ್ ಗೇರು ಕ್ರೌನ್ ಗೇರಿನ ನಡುಮಧ್ಯಕ್ಕೆ ಸೇರದೆ ಸ್ವಲ್ಪ ಕೆಳಗೆ ಸೇರುತ್ತೆ. ಹಾಗಾಗಿ ಹಲ್ಲುಗಳು ಉರುಳೋದರ ಜೊತೆಗೆ ಒಂದರ ಮೇಲೊಂದು ಜಾರ್ತವೆ. ಆ ಒತ್ತಡಕ್ಕೆ ಬರೀ ಆಯಿಲ್ ಪದರ ಸಾಲಲ್ಲ. ಜಿಎಲ್-5ರಲ್ಲಿರೋ ಹೆಚ್ಚಿನ ಗಂಧಕ, ರಂಜಕದ ಅಡಿಟಿವ್ ಲೋಹದ ಮೇಲೆ ರಕ್ಷಣೆಯ ಪೊರೆ ಕಟ್ಟುತ್ತೆ.

ಆದ್ರೆ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಒಳಗೆ ಹಿತ್ತಾಳೆ ಜಾತಿಯ ಸಿಂಕ್ರೊನೈಸರ್ ರಿಂಗ್‌ಗಳಿರ್ತವೆ. ಅವು ಸರಿಯಾದ ಘರ್ಷಣೆ ಸಿಕ್ಕಿದ್ರೆ ಮಾತ್ರ ಕೆಲಸ ಮಾಡೋದು. ಹೆಚ್ಚು ಜಾರೋ ಆಯಿಲ್ ಹಾಕಿದ್ರೆ ಗೇರ್ ಕರಕರ ಅನ್ನುತ್ತೆ, ಕೆಲವು ಜಿಎಲ್-5 ಆಯಿಲ್‌ಗಳ ಗಂಧಕ ಆ ರಿಂಗನ್ನೇ ತಿನ್ನುತ್ತೆ. ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಜಿಎಲ್-4 ಅಂತ ಇದ್ರೆ ಜಿಎಲ್-4 ಮಾತ್ರ, 75ಡಬ್ಲ್ಯು-80 ಅಂತ ಇದ್ರೆ ಅದೇ. ಅಂಗಡಿಯವರು "ಅದಕ್ಕಿಂತ ಒಳ್ಳೇದು ಕೊಡ್ತೀನಿ" ಅಂದ್ರೆ ಬೇಡ ಅನ್ನಿ.

ಆಟೊಮ್ಯಾಟಿಕ್‌ಗೆ ಬೇರೆಯೇ ಲೆಕ್ಕ

ಟಾರ್ಕ್ ಕನ್ವರ್ಟರ್ ಇರೋ ಆಟೊಮ್ಯಾಟಿಕ್‌ನಲ್ಲಿ ಆ ದ್ರವ ಗೇರಿಗೆ ಜಾರಿಕೆ ಕೊಡಬೇಕು, ಒತ್ತಡ ಸಾಗಿಸಬೇಕು, ಕ್ಲಚ್ ಪ್ಲೇಟ್‌ಗಳನ್ನ ತಣ್ಣಗಿಡಬೇಕು. ಬಿಸಿ ಇದರ ದೊಡ್ಡ ಶತ್ರು.

"ಬದಲಾಯಿಸಿದ ಮೇಲೇ ಹಾಳಾಯ್ತು" ಅನ್ನೋ ಕಥೆಗಳು ಬರೋದು ಹೆಚ್ಚಾಗಿ ಇಲ್ಲಿಂದ. ಬಹಳ ಸಲ ಏನಾಗಿರುತ್ತೆ ಅಂದ್ರೆ, ಗೇರ್ ಸ್ಲಿಪ್ ಆಗೋಕೆ ಶುರುವಾದ ಮೇಲೆ ಕೊನೇ ಆಸೆ ಅಂತ ಆಯಿಲ್ ಬದಲಾಯಿಸಿರ್ತಾರೆ. ಸವೆದ ಕ್ಲಚ್ಚನ್ನ ಹೊಸ ಆಯಿಲ್ ಸರಿ ಮಾಡಲ್ಲ. ಇನ್ನು ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿದ್ರೆ, ವರ್ಷಗಟ್ಟಲೆ ತಳದಲ್ಲಿ ಕೂತಿದ್ದ ಕೊಳೆ ಎದ್ದು ವಾಲ್ವ್‌ಗಳ ಸಣ್ಣ ದಾರಿಗೆ ಸಿಕ್ಕಿಹಾಕಿಕೊಳ್ಳಬಹುದು. ಹಾಗಾಗಿ ಗೇರ್ ಈಗಾಗಲೇ ಸ್ಲಿಪ್ ಆಗ್ತಿದ್ರೆ, ಜರ್ಕ್ ಹೊಡೀತಿದ್ರೆ ಮೊದಲು ಸ್ಕ್ಯಾನ್, ಪರೀಕ್ಷೆ, ಆಯಿಲ್ ಆಮೇಲೆ.

ಗೇರ್ ಸರಿಯಾಗಿ ಬೀಳ್ತಿದ್ರೆ ಫ್ಲಶ್ ಬೇಡ, ಬರೀ ಇಳಿಸಿ ತುಂಬಿಸಿ. ಕನ್ವರ್ಟರ್ ಒಳಗಿನ ಆಯಿಲ್ ಇಳಿಯಲ್ಲ, ಹಾಗಾಗಿ ಒಂದೇ ಸಲಕ್ಕೆ ಪೂರ್ತಿ ಬದಲಾಗಲ್ಲ. ಉದಾಹರಣೆಗೆ ಒಟ್ಟು 8 ಲೀಟರ್, ಒಂದು ಸಲಕ್ಕೆ 3 ಲೀಟರ್ ಇಳಿಯುತ್ತೆ ಅಂದ್ಕೊಳ್ಳಿ. ಮೊದಲ ಸಲದ ನಂತರ ಹಳೇದು ಸುಮಾರು 63 ಪರ್ಸೆಂಟ್ ಉಳಿಯುತ್ತೆ, ಎರಡನೇ ಸಲ 39, ಮೂರನೇ ಸಲ 24. ಪ್ರತಿ ಸಲಕ್ಕೂ ನಡುವೆ ಸಾವಿರ–ಎರಡು ಸಾವಿರ ಕಿಲೋಮೀಟರ್ ಓಡಿಸಿ. ಒಂದೇ ಸಲಕ್ಕೆ ಪ್ರೊಡಕ್ಷನ್‌ಗೆ ತಳ್ಳದೆ ಹಂತ ಹಂತವಾಗಿ ರಿಲೀಸ್ ಮಾಡಿದ ಹಾಗೆ.

ಸಿವಿಟಿಗೆ ಅದರದ್ದೇ ದ್ರವ, ಬೇರೆಯದು ಹಾಕೋ ಹಾಗೇ ಇಲ್ಲ. ಎಎಂಟಿ ಅಂದ್ರೆ ಒಳಗೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದಕ್ಕೆ ಗೇರ್ ಆಯಿಲ್ಲೇ. ಗೇರ್ ಬದಲಿಸೋ ಹೈಡ್ರಾಲಿಕ್ ಭಾಗ ಇದ್ರೆ ಅದರ ದ್ರವ ಬೇರೆ.

ಗ್ಯಾರೇಜ್‌ನಲ್ಲಿ ಪಕ್ಕದಲ್ಲಿ ನಿಂತು ನೋಡಬೇಕಾದ್ದು

1. ಹತ್ತು–ಹದಿನೈದು ನಿಮಿಷ ಓಡಿಸಿ ತಗೊಂಡು ಹೋಗಿ. ಬೆಚ್ಚಗಿದ್ರೆ ಆಯಿಲ್ ಚೆನ್ನಾಗಿ ಇಳಿಯುತ್ತೆ.
2. ಕಾರು ಲಿಫ್ಟ್ ಮೇಲೆ ಮಟ್ಟವಾಗಿರಲಿ. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು.
3. ಎಲ್ಲಕ್ಕಿಂತ ಮುಖ್ಯ: ಮೊದಲು ತುಂಬೋ ಪ್ಲಗ್ ಬಿಚ್ಚಿಸಿ, ಆಮೇಲೆ ಇಳಿಸೋ ಪ್ಲಗ್. ಹಳೆ ಗಾಡಿಯಲ್ಲಿ ತುಂಬೋ ಪ್ಲಗ್ ತುಕ್ಕು ಹಿಡಿದು ಕೂತಿರಬಹುದು. ಆಯಿಲ್ ಪೂರ್ತಿ ಇಳಿದ ಮೇಲೆ ಅದು ಬಿಚ್ಚದಿದ್ರೆ ಕಾರು ಅಲ್ಲೇ ನಿಲ್ಲುತ್ತೆ. ರೋಲ್‌ಬ್ಯಾಕ್ ಇಲ್ಲದೆ ಡಿಪ್ಲಾಯ್ ಮಾಡಬೇಡಿ.
4. ಪ್ಲಗ್‌ನ ವಾಷರ್ ಹೊಸದು ಹಾಕಿಸಿ. ಬ್ರೀದರ್ ಕಟ್ಟಿದೆಯಾ ಅಂತ ನೋಡಿಸಿ.
5. ಮ್ಯಾನ್ಯುಯಲ್ ಗೇರ್, ಡಿಫರೆನ್ಷಿಯಲ್‌ಗಳಲ್ಲಿ ಸಾಮಾನ್ಯವಾಗಿ ತುಂಬೋ ತೂತಿನಿಂದ ಆಯಿಲ್ ಹೊರಗೆ ಜಿನುಗೋ ತನಕ ತುಂಬಬೇಕು. ಆಟೊಮ್ಯಾಟಿಕ್‌ನಲ್ಲಿ ಹೇಳಿದ ಬಿಸಿಯಲ್ಲೇ ಮಟ್ಟ ನೋಡಬೇಕು.

ಮರಾಠಿ, ತೆಲುಗು, ತಮಿಳು ಬರಲ್ಲ ಅಂತ ಚಿಂತೆ ಬೇಡ. ಮ್ಯಾನ್ಯುಯಲ್‌ನ ಆ ಪುಟದ ಫೋಟೋ ಮೊಬೈಲ್‌ನಲ್ಲಿಟ್ಟುಕೊಂಡು ದಾದಾಗೋ, ಅಣ್ಣಾಗೋ ತೋರಿಸಿ. ಆಯಿಲ್ ನಂಬರ್ ಎಲ್ಲಾ ಊರಲ್ಲೂ ಒಂದೇ.

ಇಳಿದ ಆಯಿಲ್ ಹೇಳೋ ಮಾತು

ಅದನ್ನ ಎಸೆಯೋ ಮೊದಲು ನೋಡಿ. ಕಪ್ಪಾಗಿದ್ರೆ ವಯಸ್ಸಾಗಿದೆ ಅಷ್ಟೇ. ಪ್ಲಗ್‌ನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಪೇಸ್ಟ್ ಇದ್ರೆ ಮಾಮೂಲಿ ಸವೆತ. ಚೂರು, ಹಲ್ಲಿನ ತುಂಡು ಸಿಕ್ಕಿದ್ರೆ ಒಳಗೆ ಏನೋ ಮುರಿದಿದೆ. ಹಾಲು ಹಾಕಿದ ಚಹಾದ ಬಣ್ಣ ಇದ್ರೆ ನೀರು ಸೇರಿದೆ. 2015ರ ಚೆನ್ನೈ ನೆರೆಯಂಥ ನೀರಿನಲ್ಲಿ ಮುಳುಗಿದ ಕಾರುಗಳು ಆಮೇಲೆ ಬೇರೆ ಊರಲ್ಲಿ ಮಾರಾಟಕ್ಕೂ ಬರ್ತವೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ಮೇಲೆ ಮೊದಲು ಈ ಆಯಿಲ್ ಇಳಿಸಿ ನೋಡಿ ಅನ್ನೋದು ಅದಕ್ಕೇ.

ಆಟೊಮ್ಯಾಟಿಕ್ ಆಯಿಲ್ ಸುಟ್ಟ ವಾಸನೆ ಹೊಡೆದ್ರೆ ಕ್ಲಚ್ ಸುಟ್ಟಿರಬಹುದು. ಹಿಂದಿನಿಂದ ಗುಂಯ್ ಅನ್ನೋ ಸದ್ದು ಬಂದು, ಆಕ್ಸಿಲರೇಟರ್ ಒತ್ತಿದಾಗ ಬಿಟ್ಟಾಗ ಅದರ ಶ್ರುತಿ ಬದಲಾದ್ರೆ ಕ್ರೌನ್-ಪಿನಿಯನ್ ಸವೆದಿರೋ ಲಕ್ಷಣ.

ಹಳೆ ಆಯಿಲ್ ಮೋರಿಗೆ ಸುರಿಯೋಕೆ ಬಿಡಬೇಡಿ, ಗ್ಯಾರೇಜ್‌ನವರ ಡ್ರಮ್‌ಗೇ ಹೋಗಲಿ. ದಿನಾಂಕ, ಕಿಲೋಮೀಟರ್, ಆಯಿಲ್ ಹೆಸರು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ. ಕೆಲಸ ಆದ ಮೇಲೆ ಒಂದು ವಾರ ಊರೊಳಗೇ ಓಡಿಸಿ, ಕಾರಿನ ಕೆಳಗೆ ಹನಿ ಬಿದ್ದಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಘಾಟಿ ಹತ್ತಿ. ಹಬ್ಬದ ಹಿಂದಿನ ದಿನ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.